ಲೋಟ ತೊಳೆದ ನೀರು

ನನಗೆ ಅಸಹ್ಯ ಬೇಗ ಆಗುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆ ಮನೆಯಲ್ಲಿ ಸಾರು ಬಡಿಸಲು ಬಗ್ಗಿದವನ ಹೆಗಲ ಮೇಲಿನ ಟವಲು ಒಗೆದು ಎಷ್ಟು ದಿನವಾಗಿದೆ ಎಂದು ನನ್ನ ಮೂಗಿಗೆ ಗೊತ್ತಾಗುತ್ತದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಬೆಳಿಗ್ಗೆ ತಿಂದದ್ದು ಉಪ್ಪಿಟ್ಟೋ ಚಿತ್ರಾನ್ನವೋ ಗೊತ್ತಾಗುತ್ತದೆ. ಹೋಟೆಲಿನಲ್ಲಿ ನೀರಿನ ಲೋಟ ಮುಂದೆ ತಂದಿಟ್ಟರೆ ಅದರಲ್ಲಿ ಕುಡಿದು ಹೋದವರ ಬಾಯಿಗಳೆಲ್ಲ ನೆನಪಿಗೆ ಬಂದು, ಮುಟ್ಟದೆ ಎದ್ದು ಬರುತ್ತೇನೆ. "ನಿನ್ನ ಕಟ್ಕಂಡು ಎಲ್ಲಿಗೂ ಓಗಂಗಿಲ್ಲ ಕಣೆ" ಎಂದು ಯಜಮಾನರು ಮದುವೆಯಾದ ವರ್ಷವೇ ಹೇಳಿದ್ದರು.

ಆದರೆ ಆ ಮೂಗಿನಿಂದಲೇ ನಮ್ಮ ಮಂಡಿ ನಡೆದಿದೆ ಎನ್ನುವುದನ್ನೂ ಅವರೇ ಹೇಳುತ್ತಾರೆ. ಚಾಮರಾಜನಗರದಲ್ಲಿ ನಮ್ಮದು ಅರಿಶಿನ ಮತ್ತು ಕೊತ್ತಂಬರಿ ಬೀಜದ ವ್ಯಾಪಾರ. ಯಜಮಾನರು, ಚಿಕ್ಕಮಲ್ಲಪ್ಪನವರು, ತಕ್ಕಡಿ ನೋಡುತ್ತಾರೆ. ನಾನು ಮೂಟೆ ಮೂಸುತ್ತೇನೆ. ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಮೂಗಿನ ಹತ್ತಿರ ತಂದರೆ ಸಾಕು, ಒಕ್ಕಣೆಯಲ್ಲಿ ಮಳೆಗೆ ಸಿಕ್ಕಿದ್ದೋ, ಹೋದ ವರ್ಷದ ಮಾಲು ಬೆರೆಸಿದ್ದೋ ಹೇಳಿಬಿಡುತ್ತೇನೆ. ಶಾಂತಮಲ್ಲಮ್ಮ ಮೂಸಿದ ಮಾಲು ಎಂದರೆ ಯಾರೂ ಮೂಟೆಯ ಬಾಯಿ ಬಿಚ್ಚಿ ನೋಡುವುದಿಲ್ಲ. ಮೂವತ್ತೆಂಟು ವರ್ಷದಿಂದ ಹಾಗೇ ನಡೆದುಕೊಂಡು ಬಂದಿದೆ.

ಪ್ರತಿ ವರ್ಷ ಬಂದ ಮಾಲಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಒಂದು ಮೂಟೆಯನ್ನು ಬೇರೆ ಇಟ್ಟು ಬಾಯಿಗೆ ಬಿಳಿ ದಾರ ಕಟ್ಟುತ್ತೇನೆ. ಅದು ಮಠದ ದಾಸೋಹಕ್ಕೆ, ಬಂದವರಿಗೆಲ್ಲ ಅನ್ನ ಹಾಕುವ ಆ ಅಡುಗೆಮನೆಗೆ. ನಮ್ಮ ಮನೆಯ ಸಾರಿಗೂ ಅದರಿಂದ ಒಂದು ಕಾಳು ತೆಗೆಯುವುದಿಲ್ಲ.

ಇಂಥ ನನ್ನ ತಂಗಿಯ ಮಗಳು ರೂಪಶ್ರೀ ಬಿಯರ್ ಮಾಡುವ ಕೆಲಸಕ್ಕೆ ಸೇರಿದಳು.

ಅವಳ ಊರು ಬೇಗೂರು. ಆದರೆ ಕಾಲೇಜಿಗೆಂದು ನಮ್ಮ ಮನೆಯಲ್ಲಿದ್ದು ಬೆಳೆದವಳು. ರಜೆಯಲ್ಲಿ ಮಂಡಿಯಲ್ಲಿ ನನ್ನ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡು, ನಾನು ಮೂಗಿಗೆ ಹಿಡಿದದ್ದು ಯಾವ ಮೂಟೆಯದು ಎಂದು ಹೇಳುವ ಆಟ ಆಡುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸರಿ ಹೇಳುತ್ತಿದ್ದಳು. ಆಮೇಲೆ ಮೈಸೂರಿನಲ್ಲಿ ಅದೇನೋ ಸೂಕ್ಷ್ಮಜೀವಿಗಳ ಓದು ಓದಿದಳು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಒಂದು ರೆಸಾರ್ಟು ಆಯಿತು. ಆನೆ ನೋಡಲು ಬಂದವರಿಗೆ ಅಲ್ಲೇ ಬಿಯರ್ ಮಾಡಿ ಕೊಡುತ್ತಾರಂತೆ. ಅದನ್ನು ಮಾಡುವವಳು ನಮ್ಮ ಹುಡುಗಿ. ಸುದ್ದಿ ಕೇಳಿದ ದಿನ ನಾನು ಎರಡು ಸಲ ಸ್ನಾನ ಮಾಡಿದೆ. ಹದಿನೈದು ದಿನ ಅವಳ ಫೋನು ಎತ್ತಲಿಲ್ಲ.

ಹದಿನಾರನೆಯ ದಿನ ಅವಳೇ ಮಂಡಿಗೆ ಬಂದು ನನ್ನ ಪಕ್ಕ ಕೂತಳು. ಹೊಸದೊಂದು ಬಿಯರ್ ಮಾಡುತ್ತಿದ್ದಾಳಂತೆ. ಬೆಲ್ಜಿಯಂ ಎಂಬ ದೇಶದ ಪದ್ಧತಿಯಂತೆ. ಅರ್ಧ ಗೋಧಿ, ಅರ್ಧ ಬಾರ್ಲಿ, ಜೊತೆಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ.

"ಕೊತ್ತಂಬರಿ ಯಾಕಮ್ಮಿ ಅದ್ಕೆ? ಸಾರು ಕುದುಸ್ತೀಯಾ?" ಎಂದೆ.

"ಅದಿಲ್ದೆ ಆ ಬಿಯರೇ ಆಗಲ್ಲ ದೊಡ್ಡವ್ವ. ಐದು ಕೇಜಿ ಬೇಕು. ಬಿಳಿ ದಾರದ ಮೂಟೆಯಿಂದ ಕೊಡು."

ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳು ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಲಾಕ್‌ಡೌನಿನ ಕಾಲದಲ್ಲಿ ಜ್ವರ ಬಂದು ಹೋಯಿತಲ್ಲ, ಆಗ ಹೋದ ಮೂಗು ಅವಳಿಗೆ ಪೂರ್ತಿ ವಾಪಸು ಬಂದಿಲ್ಲ. ಹೂವು ಹಣ್ಣು ತಿಳಿಯುತ್ತದೆ, ಮುಗ್ಗಲು ಮಣ್ಣು ತಿಳಿಯುವುದಿಲ್ಲ. ರೆಸಾರ್ಟಿನಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. "ನೀನು ಮೂಸಿ ಕೊಟ್ರೆ ನಾನೇ ಮೂಸ್ದಂಗೆ. ಅದ್ಕೇ ಇಲ್ಲಿಗೆ ಬಂದೆ" ಎಂದಳು.

ನಾನು ಊಂ ಎಂದೆ. ಮಾರನೆಯ ದಿನ ಬಿಳಿ ದಾರದ ಮೂಟೆಯ ಹತ್ತಿರಕ್ಕೂ ಹೋಗಲಿಲ್ಲ. ಗೋಡೆಯ ಮೂಲೆಯಲ್ಲಿ ಹೋದ ಮಳೆಗಾಲದಲ್ಲಿ ನೆಂದು ಒಣಗಿದ ಅರ್ಧ ಮೂಟೆ ಬಿದ್ದಿತ್ತು. ಅದರಿಂದ ಐದು ಕೇಜಿ ತೆಗೆದು, ಧೂಳು ಕೇರಿ, ಹೊಸ ಚೀಲಕ್ಕೆ ತುಂಬಿದೆ. ಯಜಮಾನರು ತಕ್ಕಡಿಯ ಹಿಂದಿನಿಂದ ನೋಡುತ್ತಿದ್ದರು.

"ಅದು ನೆಂದದ್ದಲ್ವಾ? ಗೊಬ್ಬರಕ್ಕೆ ಸುರಿ ಅಂದಿದ್ನಲ್ಲ."

"ಎಂಡಕ್ಕೆ ತಾನೆ. ಇಷ್ಟು ಸಾಕು ಬುಡಿ."

"ಕೇಳ್ದೋಳು ನಮ್ ಮನೆ ಮಗ ಕಣೆ" ಎಂದರು ಅವರು. ನಾನು ಚೀಲದ ಬಾಯಿ ಹೊಲಿದು ಗುಂಡ್ಲುಪೇಟೆ ಬಸ್ಸಿಗೆ ಹಾಕಿಸಿದೆ. ನಿಜ ಹೇಳಬೇಕೆಂದರೆ, ದಾಸೋಹದ ಮಾಲನ್ನು ಉಳಿಸಿದೆ ಎಂದು ಆ ದಿನ ಊಟವೂ ರುಚಿಯಾಗಿತ್ತು. ಆಮೇಲೆ ಮರೆತೂಬಿಟ್ಟೆ.

ಎರಡು ತಿಂಗಳು ಕಳೆದ ಮೇಲೆ ರೂಪಶ್ರೀ ಫೋನು ಮಾಡಿ ಅತ್ತಳು. ಹೊಸ ಬಿಯರನ್ನು ಕೊಂಡ ಅತಿಥಿಗಳೆಲ್ಲ ಮೊದಲು ಚೆನ್ನಾಗಿದೆ ಎನ್ನುತ್ತಾರೆ, ಅರ್ಧ ಲೋಟ ಕುಡಿಯುತ್ತಾರೆ, ಮಿಕ್ಕಿದ್ದನ್ನು ಟೇಬಲ್ಲಿನ ಮೇಲೇ ಬಿಟ್ಟು ಹೋಗುತ್ತಾರೆ. ಯಾಕೆ ಎಂದು ಕೇಳಿದರೆ ಒಬ್ಬರಿಗೂ ಹೇಳಲು ಬರುವುದಿಲ್ಲ, ಯಾಕೋ ಸಾಕಾಯಿತು ಎನ್ನುತ್ತಾರೆ. ಒಂದು ಸಲ ಮಾಡಿದ್ದು ಹಾಗಾಯಿತು, ಎರಡನೆಯದೂ ಹಾಗೇ. ಈಗ ಮೂರನೆಯದು ತಯಾರಾಗಿದೆ. ಇದೂ ಹೀಗೇ ಆದರೆ ಕೆಲಸ ಬಿಟ್ಟು ಹೊರಡು ಎಂದು ಮ್ಯಾನೇಜರು ಹೇಳಿದ್ದಾನೆ.

"ಎಲ್ಲಾ ಬದಲಾಯ್ಸಿ ನೋಡ್ಬುಟ್ಟೆ ದೊಡ್ಡವ್ವ. ಗೋಧಿ ಬದಲಾಯ್ಸ್ದೆ, ನೀರಿನ ಫಿಲ್ಟರ್ ಬದಲಾಯ್ಸ್ದೆ, ಈಸ್ಟ್ ಬದಲಾಯ್ಸ್ದೆ. ನಿನ್ನ ಕೊತ್ತಂಬರಿ ಒಂದ್ ಬುಟ್ಟು ಇನ್ನೆಲ್ಲಾ ಬದಲಾಯ್ಸ್ದೆ. ನಂಗೆ ಗೊತ್ತಾಯ್ತಿಲ್ಲ. ನೀನೊಂದ್ಸಲ ಬಂದು ಮೂಸಿ ನೋಡು."

ಇಷ್ಟು ಕೇಳಿದ ಮೇಲೂ ನನಗೆ ಆ ಮೂಲೆಯ ಮೂಟೆ ನೆನಪಾಗಲಿಲ್ಲ. ಬಿಯರ್ ಎಂಬುದೇ ಕೊಳೆತ ಪದಾರ್ಥ, ಅದರಲ್ಲಿ ಇನ್ನೇನು ಕೆಡಲು ಸಾಧ್ಯ ಎಂದುಕೊಂಡಿದ್ದೆ. ಹುಡುಗಿ ಅಳುತ್ತಿದ್ದಾಳಲ್ಲ ಎಂದು ಹೊರಟೆ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ, ರೆಸಾರ್ಟಿನ ಗೇಟಿನಲ್ಲಿ ಇಳಿದಾಗ ಹನ್ನೊಂದು ಗಂಟೆ. ಹೊರಗೆಲ್ಲ ಹೂವಿನ ಗಿಡ, ಒಳಗೆ ಬಿಯರ್ ಮಾಡುವ ಕೋಣೆ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದನ್ನು ಹೇಗೆ ಹೇಳಲಿ. ದನಗಳಿಗೆ ಕಲಸಿಟ್ಟ ಬೂಸಾ ಮೂರು ದಿನ ಹಾಗೇ ಉಳಿದರೆ ಬರುತ್ತದಲ್ಲ, ಆ ಹುಳಿ ನಾತ. ಅದರ ಮೇಲೆ ಆಸ್ಪತ್ರೆಯ ಬಚ್ಚಲಿನ ವಾಸನೆ. ಸೆರಗನ್ನು ಮೂಗಿಗೆ ಒತ್ತಿಕೊಂಡೆ.

ಒಳಗೆ ಇಬ್ಬರು ಗಂಡಸರಿದ್ದರು. ಇಸ್ತ್ರಿ ಮಾಡಿದ ಅಂಗಿಯವನು ಮ್ಯಾನೇಜರು ಶಿವಮೂರ್ತಿ, ಮೈಸೂರಿನವನು. ಇನ್ನೊಬ್ಬ ಗುಂಡ್ಲುಪೇಟೆಯ ತೌಸಿಫ್. ಈ ಹೊಸ ಬಿಯರಿಗೆಂದೇ ಸ್ಟೀಲಿನ ಟ್ಯಾಂಕು ಬೆಸೆದು ಕೊಟ್ಟವನು ಅವನು. ಮಿಕ್ಕ ಬಿಯರುಗಳೆಲ್ಲ ಚೆನ್ನಾಗಿವೆ, ಇದೊಂದೇ ಹಾಳಾಗುತ್ತಿದೆ, ಆದ್ದರಿಂದ ತಪ್ಪು ಟ್ಯಾಂಕಿನದ್ದೇ ಇರಬೇಕು ಎಂದು ಶಿವಮೂರ್ತಿ ಅವನನ್ನು ಕರೆಸಿ ನಿಲ್ಲಿಸಿಕೊಂಡಿದ್ದ.

"ಒಂದೊಂದು ಬೆಸುಗೆನೂ ಬೆರಳಾಡ್ಸಿ ನೋಡಿವ್ನಿ ಸಾರ್" ಎಂದ ತೌಸಿಫ್. "ಒಳಗೆ ಕೂದಲೆಳೆ ಗೀರು ಇದ್ರೂ ತೋರ್ಸಿ, ಟ್ಯಾಂಕು ವಾಪಸ್ ತಗಂಡೋಯ್ತೀನಿ."

"ಕುಡಿದು ನೋಡಿ ಹೇಳಿ ಅಂದ್ರೆ ಕುಡಿಯೋದಿಲ್ಲ ನೀವು."

"ನಮ್ಮಲ್ಲಿ ಕುಡಿಯಂಗಿಲ್ಲ ಸಾರ್. ಬೆಸುಗೆ ಕೇಳಿ, ಏಳ್ತೀನಿ."

"ನಾನೂ ಕುಡಿಯಕಿಲ್ಲ" ಎಂದೆ ನಾನು. "ಬಾಯಿಗೆ ಆಕ್ಕಂಡು ಉಗೀತೀನಿ, ಅಷ್ಟೇಯ." ಮಂಡಿಯಲ್ಲಿ ಅರಿಶಿನದ ಕೊಂಬು ಕಚ್ಚಿ ನೋಡುವುದೂ ಹಾಗೇ. ರುಚಿ ತಿಳಿಯಿತು, ಉಗುಳಿದೆ, ಬಾಯಿ ಮುಕ್ಕಳಿಸಿದೆ, ಮುಗಿಯಿತು. ಕೊರಳಲ್ಲಿ ಲಿಂಗವಿರುವ ನಾನು ಇನ್ನು ಹೇಗೆ ಈ ಕೆಲಸ ಮಾಡಲಿ? ದಾರಿಯುದ್ದಕ್ಕೂ ಇದನ್ನೇ ಲೆಕ್ಕ ಹಾಕಿಕೊಂಡು ಬಂದಿದ್ದೆ.

ಅತಿಥಿಗಳಿಗೆ ಕೊಡುವಂತೆಯೇ ಕೊಡು ಎಂದು ನಾನೇ ಹೇಳಿದೆ. ರೂಪಶ್ರೀ ಒಂದು ದೊಡ್ಡ ಗಾಜಿನ ಲೋಟ ತುಂಬಾ ಹಿಡಿದು ತಂದಳು. ನೋಡಲು ಕದಡಿದ ಹಳದಿ. ಮೇಲೆ ಎರಡು ಬೆರಳು ನೊರೆ. ಅಷ್ಟು ನೊರೆಯನ್ನು ನಾನು ನೋಡಿದ್ದು ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ ಮಾತ್ರ.

ಮೂಗಿನ ಹತ್ತಿರ ತಂದೆ. ಮೊದಲು ಬಂದದ್ದು ಕಿತ್ತಳೆ ಸಿಪ್ಪೆ, ಅದೊಂದು ಪರವಾಗಿಲ್ಲ. ಅದರ ಹಿಂದೆ ಮಾವಿನಕಾಯಿಯ ತೊಟ್ಟು ಮುರಿದಾಗ ಬರುವ ಸೊನೆಯ ವಾಸನೆ. ಅದರ ಹಿಂದೆ ಬೇಲಿಯ ಲಂಟಾನ ಸೊಪ್ಪು ಜಜ್ಜಿದ ನಾತ. ಅದರ ಹಿಂದೆ ಇನ್ನೂ ಒಂದು ಇತ್ತು, ಗಂಡಸರೆದುರು ಹೇಳಲು ನಾಚಿಕೆಯಾಗಿ ಅವಳ ಕಿವಿಯಲ್ಲಿ ಹೇಳಿದೆ.

"ಅಟ್ಟದ ಮೇಲೆ ಬೆಕ್ಕು ಉಚ್ಚೆ ಉಯ್ದಂಗದೆ ಕಣಮ್ಮಿ."

"ಅದು ಹಾಪ್ಸ್ ದೊಡ್ಡವ್ವ. ಒಂದು ಥರ ಹೂವು. ಕುದಿಯುವಾಗ ಹಾಕಿದ್ರೆ ಕಹಿ ಉಳೀತದೆ, ವಾಸ್ನೆ ಓಯ್ತದೆ. ಅದ್ಕೆ ಎಲ್ಲಾ ಆರಿದ್ಮೇಲೆ ತಣ್ಣಗೆ ಇನ್ನೊಂದ್ಸಲ ಹಾಕ್ತೀವಿ. ಈಗ ಎಲ್ಲಾ ಕಡೆ ಅದೇ ಫ್ಯಾಷನ್ನು."

"ಬೆಕ್ಕಿನ ಉಚ್ಚೆ ಇರ್ಬೇಕಾ?"

"ಒಸಿ ಇರ್ಬೇಕು" ಎಂದಳು ಅವಳು, ನಗದೆ.

ಇರಬೇಕಾದ ಅಸಹ್ಯವೇ ಇಷ್ಟಿದ್ದರೆ ಇರಬಾರದ ಅಸಹ್ಯವನ್ನು ಎಲ್ಲಿಂದ ಹುಡುಕಲಿ ಎಂದು ನನಗೆ ಚಿಂತೆಯಾಯಿತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಶಿವಮೂರ್ತಿ ಗಡಿಯಾರ ನೋಡಿಕೊಂಡ. ಇನ್ನು ತಡ ಮಾಡಬಾರದೆಂದು ಕಣ್ಣು ಮುಚ್ಚಿ ಒಂದು ಗುಟುಕು ಬಾಯಿಗೆ ತೆಗೆದುಕೊಂಡೆ. ಆಗ ನೋಡಿದರೆ ನನ್ನ ಎಡಗೈ ಎದೆಯ ಮೇಲಿತ್ತು, ಬೆರಳು ಲಿಂಗದ ಕರಡಿಗೆಯನ್ನು ಮುಟ್ಟಿತ್ತು, ಒಳಗೆ ಶಿವಾರ್ಪಣ ಎಂದೂ ಅಂದುಕೊಂಡಾಗಿತ್ತು.

ಏಳನೆಯ ವಯಸ್ಸಿನಿಂದ ಮಾಡಿಕೊಂಡು ಬಂದ ಅಭ್ಯಾಸ. ಕಾಫಿ ಇರಲಿ, ಮಾತ್ರೆ ನುಂಗುವ ನೀರಿರಲಿ, ಬಾಯಿಗೆ ಹೋಗುವುದಕ್ಕೆ ಮುಂಚೆ ಕೈ ತಾನಾಗಿ ಎದೆಗೆ ಹೋಗುತ್ತದೆ. ಅರ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಉಗುಳುವಂತಿಲ್ಲ, ಬಿಡುವಂತಿಲ್ಲ, ಚೆಲ್ಲುವಂತಿಲ್ಲ. ನಮ್ಮ ಮನೆಯಲ್ಲಿ ಊಟವಾದ ಮೇಲೆ ತಟ್ಟೆ ತೊಳೆದ ನೀರನ್ನೂ ಕುಡಿಯುತ್ತೇವೆ. ಅರ್ಪಿಸಬಾರದ್ದನ್ನು ಅರ್ಪಿಸಿದರೆ ಏನು ಮಾಡಬೇಕು ಎಂದು ನನಗೆ ಯಾವ ಸ್ವಾಮಿಗಳೂ ಹೇಳಿಕೊಟ್ಟಿರಲಿಲ್ಲ. ಬಾಯಿ ತುಂಬಾ ಬಿಯರ್ ಇಟ್ಟುಕೊಂಡು, ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದೆ. ತೌಸಿಫ್ ಉಗುಳಲೆಂದು ಬಕೆಟ್ಟು ಮುಂದಕ್ಕೆ ತಳ್ಳಿದ. ಬೇಡವೆಂದು ತಲೆಯಾಡಿಸಿ ನುಂಗಿದೆ.

ನುಂಗಿದ ಮೇಲೆ ಗಂಟಲಿಂದ ವಾಸನೆ ಮೇಲಕ್ಕೆ ಬಂತು. ರಾತ್ರಿ ನೆನೆಹಾಕಿ ಮರೆತ ಗೋಧಿಯ ನೀರು. ನೊಣ ಕೂತ ಬಾಳೆಹಣ್ಣು. ಹಲ್ಲುನೋವಿಗೆ ಇಟ್ಟುಕೊಂಡ ಲವಂಗ. ಕೊನೆಗೆ ನಾಲಿಗೆಯ ಬುಡದಲ್ಲಿ ನೆಲಬೇವಿನ ಕಹಿ. ಕಣ್ಣಲ್ಲಿ ನೀರು ಬಂತು.

"ಬಾಳೆಹಣ್ಣು?" ಎಂದೆ.

"ಅದು ಈಸ್ಟಿಂದು, ಇರ್ಬೇಕು."

"ಲವಂಗ?"

"ಅದೂ ಈಸ್ಟಿಂದೇ."

"ಅಳಸಿದ್ ನೀರು?"

"ಗೋಧಿ. ಇರ್ಬೇಕು ದೊಡ್ಡವ್ವ."

ಎಲ್ಲವೂ ಇರಬೇಕಂತೆ. ಹಾಳಾಗಿ ಹೋಗಲಿ ಎಂದು ಇನ್ನೊಂದು ಗುಟುಕು ಕುಡಿದೆ, ಮತ್ತೊಂದು ಕುಡಿದೆ. ಬೇಗ ಮುಗಿಸಲು ಆಗಲಿಲ್ಲ. ಗ್ಯಾಸು ಎದೆಗೆ ಒತ್ತುತ್ತಿತ್ತು. ತೇಗು ಬಂದರೆ ಅದೇ ಬೆಕ್ಕಿನ ವಾಸನೆ ಮೂಗಿನಿಂದ ಹೊರಗೆ ಬರುತ್ತಿತ್ತು. ರೂಪಶ್ರೀ ಗಾಬರಿಯಾಗಿ, "ಸಾಕು ದೊಡ್ಡವ್ವ, ಬುಡು, ನೀನು ಕುಡಿಯೋಳಲ್ಲ" ಎಂದು ಲೋಟಕ್ಕೆ ಕೈ ಹಾಕಿದಳು. ನಾನು ಕೊಡಲಿಲ್ಲ. ಎದೆಯ ಮೇಲೆ ಕೈಯಿಟ್ಟು ತೋರಿಸಿದೆ. ಅವಳಿಗೆ ಅರ್ಥವಾಗಿ ಹಿಂದಕ್ಕೆ ಸರಿದಳು. ಶಿವಮೂರ್ತಿಗೆ ಅರ್ಥವಾಗಲಿಲ್ಲ.

"ಅಮ್ಮಾವರಿಗೆ ಇಷ್ಟ ಆಗಿರೋ ಹಾಗಿದೆ" ಎಂದ ಅವನು.

ಅರ್ಧ ಲೋಟಕ್ಕೆ ಬರುವ ಹೊತ್ತಿಗೆ ಸೆಕೆಗೆ ಅದರ ತಂಪು ಹೋಗಿತ್ತು. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದ ವಾಸನೆಗಳು ಈಗ ಒಂದೊಂದಾಗಿ ಎದ್ದವು. ಅಲ್ಲಿ ನನ್ನ ಮೂಗು ನಿಂತಿತು. ಮಾವಿನ ಸೊನೆ, ಬಾಳೆಹಣ್ಣು, ಬೆಕ್ಕು ಎಲ್ಲದರ ಕೆಳಗೆ ಏನೋ ಒಂದಿತ್ತು. ಅದು ಅವಳು ಹೇಳಿದ ಪಟ್ಟಿಯಲ್ಲಿ ಇರಲಿಲ್ಲ. ಆದರೆ ನನಗೆ ಗುರುತಿನದು. ಬಾಗಿಲು ಹಾಕಿದ ಕೋಣೆಯಲ್ಲಿ ಮನೆಯವರು ಯಾರೋ ಇದ್ದಾರೆ ಎಂದು ತಿಳಿಯುತ್ತದಲ್ಲ, ಹಾಗೆ. ಅತಿಥಿಗಳು ಲೋಟ ಬಿಟ್ಟು ಎದ್ದದ್ದು ಇಲ್ಲೇ ಎಂದು ಗೊತ್ತಾಯಿತು. ಏನದು ಎಂದು ಮಾತ್ರ ಹೊಳೆಯಲಿಲ್ಲ. ಕಿವಿ ಬಿಸಿಯಾಗಿತ್ತು, ತಲೆ ಗಿಮ್ಮೆನ್ನುತ್ತಿತ್ತು. ಕೊನೆಯ ಗುಟುಕನ್ನೂ ಕುಡಿದೆ. ತಳದಲ್ಲಿ ಮಡ್ಡಿ ಉಳಿಯಿತು.

"ನೀರು ಕೊಡು" ಎಂದೆ.

ರೂಪಶ್ರೀ ಬಿಂದಿಗೆಯಿಂದ ಉಗುರುಬೆಚ್ಚಗಿನ ನೀರು ಹಾಕಿದಳು. ನಾನು ಲೋಟವನ್ನು ತಿರುಗಿಸಿ, ಅಂಚಿಗೆ ಅಂಟಿದ ನೊರೆಯನ್ನೂ ಬೆರಳಿನಿಂದ ಒಳಕ್ಕೆ ತೊಳೆದು, ತುಟಿಗೆ ಎತ್ತಿದೆ. ನೀರು ಬೆರೆತದ್ದೇ ತಡ, ಸೊನೆ ಹೋಯಿತು, ಕಿತ್ತಳೆ ಹೋಯಿತು, ಬೆಕ್ಕೂ ಹೋಯಿತು. ಉಳಿದದ್ದು ಒಂದೇ. ನೆಂದು ಒಣಗಿದ ಗೋಣಿಚೀಲ. ಸುಣ್ಣ ಉದುರಿದ ಗೋಡೆಯ ಮೂಲೆ. ಮುಗ್ಗಲು ಹಿಡಿದ ಕೊತ್ತಂಬರಿ ಬೀಜ.

ನಾನು ಕಳಿಸಿದ ಬೀಜ.

ಅದನ್ನೂ ಕುಡಿದೆ. ಕುಡಿಯದೆ ವಿಧಿಯಿರಲಿಲ್ಲ. ಇಷ್ಟು ಹೊತ್ತು ಅವರ ಹೊಲಸನ್ನು ಕುಡಿಯುತ್ತಿದ್ದೇನೆ ಎಂದುಕೊಂಡಿದ್ದೆ. ಲಿಂಗಕ್ಕೆ ಮುಟ್ಟಿಸಿ ಕುಡಿದದ್ದು ನಾನೇ ಕಳಿಸಿದ ಮುಗ್ಗಲು. ಆ ಬಿಯರಿನ ಮೇಲೆ ಆಗದಷ್ಟು ಹೇಸಿಗೆ ನನಗೆ ನನ್ನ ಮೇಲೆ ಆಯಿತು.

"ಏನಾದ್ರೂ ಗೊತ್ತಾಯ್ತಾ ಅಮ್ಮ?" ಎಂದು ಶಿವಮೂರ್ತಿ ಕೇಳಿದ. "ಟ್ಯಾಂಕೇ ಅಲ್ವಾ? ಲೋಹದ ವಾಸನೆ ಬರುತ್ತಾ?"

ತೌಸಿಫ್ ಟ್ಯಾಂಕಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟ್ಯಾಂಕು ವಾಪಸು ಹೋಗುತ್ತಿತ್ತು, ನಾನು ಮನೆಗೆ ಹೋಗಿ ಬಿಳಿ ದಾರ ಬಿಚ್ಚಿ ಒಳ್ಳೆಯ ಬೀಜ ಕಳಿಸುತ್ತಿದ್ದೆ, ಮುಂದಿನ ಬಿಯರು ಸರಿಯಾಗುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಸುಳ್ಳು ಹೇಳಬಾರದು ಎಂದು ನನಗೆ ಹೊಳೆಯಲಿಲ್ಲ, ಹೇಳಿಬಿಟ್ಟರಾಯಿತು ಎಂದೇ ಹೊಳೆಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಹೂಂ ಎನ್ನಲು ಬಾಯಿಯನ್ನೂ ತೆರೆದೆ. ತೆರೆದ ಬಾಯಿಂದ ತೇಗು ಬಂತು. ಅದೇ ಗೋಣಿಚೀಲ.

"ಟ್ಯಾಂಕಲ್ಲ" ಎಂದೆ. "ಕೊತ್ತಂಬರಿ. ಮುಗ್ಗಲಿಡ್ದದೆ."

"ನಿನ್ನ ಕೊತ್ತಂಬರಿನಾ?" ರೂಪಶ್ರೀ ನಕ್ಕಳು. "ನೀನು ಮೂಸಿದ್ದಲ್ವಾ ದೊಡ್ಡವ್ವ."

"ಮೂಸ್ಲಿಲ್ಲ. ಮೂಸ್ದೇನೇ ಗೊತ್ತಿತ್ತು. ಮಳೇಲಿ ನೆಂದಿದ್ದ ಮೂಟೆ. ಗೊಬ್ಬರಕ್ಕೆ ಅಂತ ಇಟ್ಟಿದ್ದು."

ಅವಳ ನಗು ಅಲ್ಲಿಯೇ ನಿಂತಿತು. "ಬಿಳಿ ದಾರದ್ದು ಅಂದ್ಯಲ್ಲ."

"ಅನ್ಲಿಲ್ಲ ಕಣ್ ಮಗ. ಊಂ ಅಂದೆ ಅಷ್ಟೇಯ. ಎಂಡಕ್ಕೆ ತಾನೆ, ಎಂಗಿದ್ರೇನು ಅಂದ್ಕಂಡು ಕಳಿಸ್ಬುಟ್ಟೆ."

ಅವಳು ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಂಗೆ ಮೂಗಿಲ್ಲ ಅಂತ್ಲೂ ಗೊತ್ತಿತ್ತಲ್ವಾ ನಿಂಗೆ?"

"ಗೊತ್ತಿತ್ತು."

"ಏನು ಮೂಗಿಲ್ಲ ಅಂದ್ರೆ?" ಎಂದ ಶಿವಮೂರ್ತಿ.

ನನಗೊಬ್ಬಳಿಗೇ ಮೆಲ್ಲಗೆ ಹೇಳಿಕೊಂಡಿದ್ದ ವಿಷಯ ನನ್ನ ದೆಸೆಯಿಂದ ಅವಳ ಬಾಯಿಂದಲೇ ಬಯಲಾಯಿತು. ರೂಪಶ್ರೀ ಅವನ ಕಡೆ ತಿರುಗಿ ಎಲ್ಲವನ್ನೂ ತಾನೇ ಹೇಳಿದಳು. ಜ್ವರ, ಮೂಗು, ಇಷ್ಟು ದಿನ ಮುಚ್ಚಿಟ್ಟದ್ದು. ಅಳಲಿಲ್ಲ. "ಸಾರ್, ಮಾಡೋದು ನಂಗೆ ಬರುತ್ತೆ. ಮುಗ್ಗಲು ಮೂಸೋಕೆ ಮಾತ್ರ ಪಕ್ಕದಲ್ಲಿ ಒಬ್ರು ಬೇಕು" ಎಂದಳು. ಶಿವಮೂರ್ತಿ ಕೋಣೆಯೊಳಗೆ ಎರಡು ಸುತ್ತು ಹಾಕಿದ. ಕೊನೆಗೆ, ಮಿಕ್ಕ ಬಿಯರುಗಳಿಗೆ ದೂರು ಬಂದಿಲ್ಲವಾದ್ದರಿಂದ ಇನ್ನು ಒಂದೇ ಒಂದು ಸಲ ನೋಡೋಣ, ಆದರೆ ಮೂಸುವವರು ಯಾರು ಎಂದು ಮೊದಲೇ ಗೊತ್ತಾಗಬೇಕು, ಅವರು ಒಪ್ಪಿದ್ದನ್ನು ಮಾತ್ರ ಹಾಕಬೇಕು ಎಂದ. ತೌಸಿಫನ ಹೆಗಲು ತಟ್ಟಿ ಹೊರಟುಹೋದ.

ತೌಸಿಫ್ ಟ್ಯಾಂಕಿನ ಕೆಳಗಿನ ಕೊಳಾಯಿ ತಿರುಗಿಸಿದ. ಮೂರು ವಾರದ ಅವಳ ಕೆಲಸ ನೊರೆಯಾಗಿ ಚರಂಡಿಗೆ ಹರಿಯಿತು. ಅವಳು ಪೊರಕೆ ಹಿಡಿದು ಅದನ್ನು ತಳ್ಳುತ್ತಿದ್ದಳು. ನಾನೂ ತಳ್ಳುತ್ತೇನೆ ಎಂದೆ, ಬೇಡ ಎಂದಳು. ಬಸ್ಸಿನವರೆಗೆ ಬಂದು ಹತ್ತಿಸಿದಳು, ಕಿಟಕಿಯ ಪಕ್ಕ ಕೂತ್ಕೋ, ತಲೆ ಸುತ್ತೀತು ಎಂದೂ ಹೇಳಿದಳು. ದಾರಿಯಲ್ಲಿ ಪಕ್ಕಕ್ಕೆ ಕೂತಿದ್ದ ಹೆಂಗಸು ನನ್ನ ಕಡೆಯಿಂದ ಬಂದ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಮುಂದಿನ ಸೋಮವಾರ ಬಿಳಿ ದಾರ ಬಿಚ್ಚಿದೆ. ಐದು ಕೇಜಿ ಅಳೆದು, ಒಂದೊಂದು ಹಿಡಿಯನ್ನೂ ಉಜ್ಜಿ ಮೂಸಿ ಚೀಲಕ್ಕೆ ಹಾಕಿದೆ. "ದಾಸೋಹದ್ದಾ?" ಎಂದರು ಯಜಮಾನರು. ಊಂ ಎಂದೆ. ಅವರು ಚೀಲವನ್ನು ಹೆಗಲ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನವರೆಗೂ ಬಂದರು. ಬಸ್ಸಿಗೆ ಹಾಕಿ ಕಳಿಸಲಿಲ್ಲ, ತೊಡೆಯ ಮೇಲಿಟ್ಟುಕೊಂಡು ನಾನೇ ಹೋದೆ. ಇನ್ನು ಪ್ರತಿ ಸಲವೂ ನಾನೇ ಬಂದು ಮೂಸಿ ಕೊಡುತ್ತೇನೆ, ಆ ಹಾಳು ನಾತವನ್ನು ಹೇಗೋ ಸಹಿಸಿಕೊಳ್ಳುತ್ತೇನೆ ಎಂದು ದಾರಿಯಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ.

ಆ ಕೋಣೆಯಲ್ಲಿ ರೂಪಶ್ರೀ ಪಾತ್ರೆ ತೊಳೆಯುತ್ತಿದ್ದಳು. ತೌಸಿಫ್ ಟ್ಯಾಂಕಿನ ಮುಚ್ಚಳಕ್ಕೆ ರಬ್ಬರು ಕೂರಿಸುತ್ತಿದ್ದ.

"ಬಾ ದೊಡ್ಡವ್ವ. ಊಟ ಆಯ್ತಾ?" ಎಂದಳು. ಕುರ್ಚಿ ಹಾಕಿದಳು. ನೀರು ಕೊಟ್ಟಳು. ನೆಂಟರ ಮನೆಯಿಂದ ಬಂದವರಿಗೆ ಕೊಡುವಷ್ಟು ಮರ್ಯಾದೆ ಕೊಟ್ಟಳು.

ನಾನು ಚೀಲ ಬಿಚ್ಚಿ ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಉಜ್ಜಿದೆ. ಕೋಣೆಯ ಹುಳಿ ನಾತದ ನಡುವೆಯೂ ಅದರ ಘಮ ಎದ್ದಿತು. "ನೋಡ್ಕ ಮಗ, ಈ ಸಲ ಮೂಸಿವ್ನಿ. ಒಂದೊಂದು ಹಿಡಿನೂ ಮೂಸಿವ್ನಿ" ಎಂದು ಕೈ ಚಾಚಿದೆ.

ಅವಳು ಕೈ ಒರೆಸಿಕೊಂಡು ಬಂದು ನನ್ನ ಅಂಗೈಯಿಂದ ಬೀಜವನ್ನು ತನ್ನ ಅಂಗೈಗೆ ಸುರಿದುಕೊಂಡಳು. ಮೂಗಿಗೆ ಹಿಡಿಯಲಿಲ್ಲ. ಟ್ಯಾಂಕಿನ ಹತ್ತಿರ ಹೋಗಿ ಕೈ ಮುಂದೆ ಮಾಡಿದಳು.

"ತೌಸಿಫಣ್ಣ, ಒಸಿ ಮೂಸಿ ನೋಡಿ. ಮುಗ್ಗಲೇನಾದ್ರೂ ಅದಾ?"

ತೌಸಿಫ್ ನನ್ನ ಮುಖ ನೋಡಿದ. ಆಮೇಲೆ ಅವಳ ಮುಖ ನೋಡಿದ. ಬಗ್ಗಿ ಮೂಸಿ, ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ, ತಡ ಮಾಡಿ, "ಇಲ್ಲಮ್ಮ. ಚೆಂದಾಗದೆ" ಎಂದ.

"ಸರಿ ಹಾಗಾದ್ರೆ" ಎಂದು ಅವಳು ಚೀಲವನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಕೊಟ್ಟ ನೀರಿನ ಲೋಟ ಇನ್ನೂ ನನ್ನ ಪಕ್ಕದಲ್ಲಿತ್ತು. ಎದೆ ಮುಟ್ಟಿಕೊಂಡು ಅದನ್ನು ಪೂರ್ತಿ ಕುಡಿದು, ಹೊರಗೆ ಬಂದು, ಬಸ್ಸಿಗೆ ನಿಂತೆ.